ಪಂಖದ ವಿಮಾನದಲ್ಲಿ ಅಮ್ಮನಿಗೆ ಸಂಕಟವಾಯಿತು: ಮತ್ತೆ ಕರೆತರಬಹುದೇ?

ಪ್ರಶ್ನೆ: ನಾನು ಬೆಂಗಳೂರಿನ ಮಲ್ಲೇಶ್ವರದಲ್ಲಿದ್ದೇನೆ. ತಾಯಿಯವರು ಹುಬ್ಬಳ್ಳಿಯಲ್ಲಿದ್ದಾರೆ, ವಯಸ್ಸು 69. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ನಡೆಯುತ್ತಿದೆ, ಮೊಣಕಾಲು ನೋವಿದೆ, ಗ್ಲಾಕೋಮಾ ಇರುವುದರಿಂದ ಮೂರು ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆಗೆ ಇಲ್ಲಿಗೆ ಬರಬೇಕು. ಕಳೆದ ಮೇ ತಿಂಗಳ ಒಂದು ಸೋಮವಾರ ಮಧ್ಯಾಹ್ನ, ಎರಡೂ ಬದಿಗೆ ಪಂಖ ಇರುವ ಸಣ್ಣ ವಿಮಾನದಲ್ಲಿ ಅವರನ್ನು ಕರೆತಂದೆ. ಮುಂದೆ ಕುಲುಕಾಟ ಕಡಿಮೆ ಎಂದು ಯಾರೋ ಹೇಳಿದ್ದರಿಂದ ಮುಂದಿನ ಸಾಲುಗಳಲ್ಲೇ ಸೀಟು ತೆಗೆದುಕೊಂಡಿದ್ದೆ. ಸೋಮವಾರ ಒಪ್ಪತ್ತು ಮಾಡುವ ಅವರು ಬೆಳಗಿನಿಂದ ಚಹಾ ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ವಾಂತಿಯಾಗದಿರಲೆಂದು ಮನೆಯಲ್ಲಿದ್ದ ಒಂಡಾನ್‌ಸೆಟ್ರಾನ್ ಮಾತ್ರೆ ಕೊಟ್ಟಿದ್ದೆ. ಆದರೂ ಹೊರಟ ಹತ್ತು ನಿಮಿಷಕ್ಕೆ ಶುರುವಾದ ಕುಲುಕಾಟದಲ್ಲಿ ಎರಡು ಸಲ ವಾಂತಿಯಾಯಿತು. ಸೋತು ನಿದ್ದೆ ಹೋದವರು ಇಳಿಯುವ ಹೊತ್ತಿಗೆ ಕಿವಿ ನೋವಿನಿಂದ ಎಚ್ಚರಗೊಂಡರು. ಸ್ವಲ್ಪ ನೆಗಡಿಯೂ ಇತ್ತು. ಎರಡು ದಿನ ಕಿವಿ ಮುಚ್ಚಿಕೊಂಡೇ ಇತ್ತು. "ಇದೇನ್ ವಿಮಾನಾನೋ, ಹಿಟ್ಟಿನ ಗಿರಣಿನೋ, ಇನ್ನ ನಾ ಹತ್ತಂಗಿಲ್ಲ" ಎನ್ನುತ್ತಿದ್ದಾರೆ. ಪಂಖದ ವಿಮಾನ ಹಳೆಯ ಕಾಲದ್ದು, ಪಂಖ ನಿಂತರೆ ಬಿದ್ದೇ ಹೋಗುತ್ತದೆ ಎಂದು ನೆಂಟರು ಬೇರೆ ಹೆದರಿಸಿದ್ದಾರೆ. ನೇಪಾಳದ ಅಪಘಾತದ ವಿಡಿಯೋ ಕೂಡ ಕಳುಹಿಸಿದ್ದಾರೆ. ಆಗಸ್ಟ್‌ನಲ್ಲಿ ಮತ್ತೆ ತಪಾಸಣೆ ಇದೆ. ವಿಮಾನವೇ, ರೈಲೇ, ಕಾರೇ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ತಾಯಿಯವರು ಪಟ್ಟ ಸಂಕಟ ಮರುಕಳಿಸಬಾರದು ಎಂಬುದು ಒಂದು. ವಿಮಾನವೇ ಅಪಾಯದಲ್ಲಿದ್ದುದರಿಂದ ಅವರಿಗೆ ಹಾಗಾಯಿತೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಚಿಕ್ಕದು: ನೀವು ಬರೆದಿರುವ ಯಾವ ವಿವರದಲ್ಲಿಯೂ ವಿಮಾನ ಅಪಾಯದಲ್ಲಿದ್ದ ಸುಳಿವಿಲ್ಲ. ಮೊದಲನೆಯದನ್ನು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ತಾಯಿಯವರಿಗೆ ಒಂದೇ ಕಾಯಿಲೆಯಂತೆ ಅನ್ನಿಸಿದ್ದು ವಾಸ್ತವದಲ್ಲಿ ಮೂರು ಬೇರೆ ಬೇರೆ ತೊಂದರೆಗಳು. ಹೊಟ್ಟೆ ತೊಳಸಿದ್ದು ಗಾಳಿಯ ಹೊಯ್ದಾಟದಿಂದ, ಕಿವಿ ನೊಂದದ್ದು ಗಾಳಿಯ ಒತ್ತಡ ಬದಲಾದದ್ದರಿಂದ, ತಲೆ ಚಿಟ್ಟು ಹಿಡಿದದ್ದು ಪ್ರೊಪೆಲ್ಲರಿನ ಸದ್ದಿನಿಂದ. ಮೂರಕ್ಕೂ ಕಾರಣ ಬೇರೆಯಾದ್ದರಿಂದ ಪರಿಹಾರವೂ ಬೇರೆ. ವಾಯುಯಾನ ವೈದ್ಯಕೀಯದಲ್ಲಿ ಬಹಳ ವರ್ಷ ಕೆಲಸ ಮಾಡಿರುವ ನಾನು ನೋಡಿರುವಂತೆ, "ವಿಮಾನ ಆಗಿಬರುವುದಿಲ್ಲ" ಎಂದು ಬರುವ ಹೆಚ್ಚಿನವರಿಗೆ ಆಗಿಬರದಿರುವುದು ಈ ಮೂರರಲ್ಲಿ ಯಾವುದೋ ಒಂದು ಮಾತ್ರ.

ನೆಂಟರು ಹೇಳಿದ ಮಾತುಗಳನ್ನು ಮೊದಲು ನೋಡೋಣ. ಹುಬ್ಬಳ್ಳಿ, ಶಿವಮೊಗ್ಗದಂಥ ಊರುಗಳಿಗೆ ಬೆಂಗಳೂರಿನಿಂದ ಹೋಗುವ ಪಂಖದ ವಿಮಾನಗಳು ಬಹುಪಾಲು ಎಟಿಆರ್ 72 ಮಾದರಿಯವು. ಫ್ರಾನ್ಸಿನ ಟೂಲೂಸ್‌ನಲ್ಲಿ ತಯಾರಾಗುವ ಈ ವಿಮಾನದ ಈಗಿನ 600 ಶ್ರೇಣಿ ಸೇವೆಗೆ ಬಂದದ್ದೇ 2011ರಲ್ಲಿ. ಹೊರಗೆ ಕಾಣುವ ಪಂಖ ಹಳೆಯ ಕಾಲದ್ದೆಂದು ತೋರಿದರೂ ಅದನ್ನು ತಿರುಗಿಸುವುದು ಜೆಟ್ ವಿಮಾನದಲ್ಲಿರುವಂಥದೇ ಟರ್ಬೈನ್ ಎಂಜಿನ್. ಜೆಟ್ ಎಂಜಿನ್ ಬಿಸಿ ಗಾಳಿಯನ್ನು ಹಿಂದಕ್ಕೆ ಚಿಮ್ಮಿಸಿ ವಿಮಾನವನ್ನು ತಳ್ಳಿದರೆ, ಇಲ್ಲಿ ಆ ಶಕ್ತಿಯ ಬಹುಪಾಲು ಪ್ರೊಪೆಲ್ಲರ್ ತಿರುಗಿಸಲು ಬಳಕೆಯಾಗುತ್ತದೆ. ಹುಬ್ಬಳ್ಳಿಯಿಂದ ದೇವನಹಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 370 ಕಿಲೋಮೀಟರ್. ಇಷ್ಟು ಕಡಿಮೆ ದೂರಕ್ಕೆ, ಇಪ್ಪತ್ತು ಸಾವಿರ ಅಡಿಗಿಂತ ಕೆಳಗೆ, ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಹೋಗಲು ಪ್ರೊಪೆಲ್ಲರಿಗೆ ಜೆಟ್‌ಗಿಂತ ಕಡಿಮೆ ಇಂಧನ ಸಾಕು. ಚಿಕ್ಕ ರನ್‌ವೇ ಕೂಡ ಸಾಲುತ್ತದೆ. ಈ ಮಾರ್ಗಗಳಲ್ಲಿ ಈ ವಿಮಾನ ಓಡಾಡುವುದಕ್ಕೆ ಕಾರಣ ಇದು.

ಪಂಖ ನಿಂತರೆ ಬೀಳುತ್ತದೆ ಎಂಬುದೂ ಸರಿಯಲ್ಲ. ಟೇಕಾಫ್ ಓಟದಲ್ಲಿ ಇನ್ನು ನಿಲ್ಲಿಸಲಾಗದು ಎಂಬ ವೇಗ ತಲುಪಿದ ಮೇಲೆ ಒಂದು ಎಂಜಿನ್ ಕೈಕೊಟ್ಟರೂ, ಉಳಿದ ಒಂದರಿಂದ ಮೇಲೇರಿ ಸುರಕ್ಷಿತವಾಗಿ ಇಳಿಯಬಲ್ಲುದೆಂದು ತೋರಿಸಿದ ನಂತರವೇ ಇಂಥ ವಿಮಾನಕ್ಕೆ ಪ್ರಯಾಣಿಕರನ್ನು ಒಯ್ಯುವ ಅನುಮತಿ ಸಿಗುತ್ತದೆ. ನಿಂತ ಎಂಜಿನ್ನಿನ ಪಂಖದ ಅಲಗುಗಳು ಗಾಳಿಗೆ ಅಡ್ಡವಾಗದಂತೆ ಅಂಚು ತಿರುಗಿಸಿಕೊಳ್ಳುವ ವ್ಯವಸ್ಥೆಯೂ ಇದೆ. ನಿಮಗೆ ಬಂದ ವಿಡಿಯೋ 2023ರ ಜನವರಿ 15ರಂದು ಪೋಖರಾದಲ್ಲಿ ಆದ ದುರಂತದ್ದಿರಬೇಕು. ಅದು ಎಟಿಆರ್ 72 ವಿಮಾನವೇ ಹೌದು, ಅದರಲ್ಲಿದ್ದ 72 ಜನರೂ ತೀರಿಕೊಂಡರು. ಇಳಿಯುವ ಹಂತದಲ್ಲಿ ರೆಕ್ಕೆಯ ಹಿಂಬದಿಯ ಪಟ್ಟಿಯನ್ನು (ಫ್ಲಾಪ್) ಚಾಚುವ ಹಿಡಿಯ ಬದಲು ಪಕ್ಕದ ಬೇರೆ ಹಿಡಿಗಳನ್ನು ಪೈಲಟ್ ಎಳೆದದ್ದರಿಂದ ಎರಡೂ ಪ್ರೊಪೆಲ್ಲರುಗಳು ಶಕ್ತಿ ಕೊಡದ ಸ್ಥಿತಿಗೆ ಹೋದವು ಎಂದು ತನಿಖೆ ಕಂಡುಕೊಂಡಿತು. ಅಪಘಾತವೇ ಆಗುವುದಿಲ್ಲ ಎಂದು ನಾನು ಹೇಳಲಾರೆ, ಯಾವ ವಾಹನಕ್ಕೂ ಆ ಮಾತು ಹೇಳಲಾಗದು. ಆದರೆ ಪೋಖರಾದಲ್ಲಿ ನಡೆದದ್ದಕ್ಕೂ ನಿಮ್ಮ ತಾಯಿಯವರಿಗಾದ ಕುಲುಕಾಟಕ್ಕೂ ಯಾವ ಸಂಬಂಧವೂ ಇಲ್ಲ.

ಈಗ ಆ ಕುಲುಕಾಟಕ್ಕೆ ಬರೋಣ. ಮೇ ತಿಂಗಳ ಮಧ್ಯಾಹ್ನ ಹುಬ್ಬಳ್ಳಿಯ ಸುತ್ತಲಿನ ಎರೆಭೂಮಿ ಕಾದ ಹಂಚಿನಂತಿರುತ್ತದೆ. ಆ ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಅನ್ನ ಕುದಿಯುವಾಗ ತಳದಿಂದ ಗುಳ್ಳೆ ಏಳುವಂತೆ, ದೊಡ್ಡ ದೊಡ್ಡ ಉಂಡೆಗಳಾಗಿ ಮೇಲೇಳುತ್ತದೆ. ಅವುಗಳ ನಡುವೆ ತಂಪು ಗಾಳಿ ಕೆಳಗಿಳಿಯುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ದಖ್ಖನ್ನಿನ ಮೇಲೆ ಈ ಕುದಿತ ಹತ್ತು ಸಾವಿರ ಅಡಿಯನ್ನೂ ದಾಟಬಹುದು. ಏರುವ ಉಂಡೆಯೊಳಗೆ ನುಗ್ಗಿದ ವಿಮಾನ ಎತ್ತಿಹಾಕಿದಂತಾಗುತ್ತದೆ, ಇಳಿಯುವ ಗಾಳಿಗೆ ಸಿಕ್ಕಾಗ ಕುಸಿದಂತಾಗುತ್ತದೆ. ಜನ ಇದನ್ನು ಏರ್ ಪಾಕೆಟ್ ಎನ್ನುತ್ತಾರೆ, ಆಕಾಶದಲ್ಲಿ ಗಾಳಿಯೇ ಇಲ್ಲದ ಹೊಂಡವಿದ್ದು ವಿಮಾನ ಅದರೊಳಗೆ ಬೀಳುತ್ತದೆ ಎಂದು ನಂಬುತ್ತಾರೆ. ಅಂಥ ಹೊಂಡ ಎಲ್ಲಿಯೂ ಇಲ್ಲ. ನೂರಾರು ಅಡಿ ಬಿದ್ದೆವು ಎಂದು ಹೊಟ್ಟೆ ಹೇಳಿದಾಗ ಎತ್ತರಮಾಪಕ ತೋರಿಸುವ ವ್ಯತ್ಯಾಸ ಹೆಚ್ಚಿನ ಸಲ ಕೆಲವೇ ಅಡಿ ಇರುತ್ತದೆ. ರೆಕ್ಕೆ ಬಾಗುವುದನ್ನು ಕಂಡು ಹೆದರುವವರೂ ಇದ್ದಾರೆ. ಬಾಗಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಹಾಗಾದರೆ ದೊಡ್ಡ ವಿಮಾನದಲ್ಲಿ ಇದು ಕಡಿಮೆ ಏಕೆ? ಒಂದು ಕಾರಣ ತೂಕ. ಎಟಿಆರ್ 72ರ ಗರಿಷ್ಠ ತೂಕ ಸುಮಾರು 23 ಟನ್, ರೆಕ್ಕೆಯ ವಿಸ್ತೀರ್ಣ 61 ಚದರ ಮೀಟರ್. ಅಂದರೆ ರೆಕ್ಕೆಯ ಒಂದೊಂದು ಚದರ ಮೀಟರಿಗೆ 375 ಕಿಲೋಗ್ರಾಂ ಆಸುಪಾಸಿನ ಹೊರೆ. ನಮ್ಮಲ್ಲಿ ಹೆಚ್ಚು ಓಡಾಡುವ ಏರ್‌ಬಸ್ 320ರಲ್ಲಿ ಇದೇ ಲೆಕ್ಕ 640ರ ಹತ್ತಿರ ಬರುತ್ತದೆ. ತುಂಬಿದ ಲಾರಿಗಿಂತ ಖಾಲಿ ಲಾರಿ ಹಳ್ಳದಲ್ಲಿ ಹೆಚ್ಚು ಎಗರುವಂತೆ, ಹಗುರ ಹೊರೆಯ ರೆಕ್ಕೆಯನ್ನು ಅದೇ ಗಾಳಿ ಹೆಚ್ಚು ಎತ್ತಿ ಇಳಿಸುತ್ತದೆ. ಎಟಿಆರ್ ನಿಧಾನವಾಗಿ ಹಾರುವುದರಿಂದ ಪೆಟ್ಟಿನ ಜೋರು ಸ್ವಲ್ಪ ತಗ್ಗುತ್ತದೆ ಎಂಬುದನ್ನೂ ಹೇಳಬೇಕು, ಆದರೆ ಲೆಕ್ಕ ಸರಿತೂಗುವಷ್ಟಲ್ಲ. ಇನ್ನೊಂದು ಕಾರಣ ಎತ್ತರ. ದೂರದೂರಿಗೆ ಹೋಗುವ ಜೆಟ್ ವಿಮಾನ ಈ ಕುದಿಯುವ ಪದರವನ್ನು ಬೇಗ ದಾಟಿ ಮೂವತ್ತು ಸಾವಿರ ಅಡಿಯ ಮೇಲಿನ ಶಾಂತ ಗಾಳಿಗೆ ಹೋಗಿಬಿಡುತ್ತದೆ. ಒಂದು ಗಂಟೆಯೊಳಗಿನ ಹುಬ್ಬಳ್ಳಿ ಹಾರಾಟದಲ್ಲಿ ಏರುವುದಕ್ಕೆ ಒಂದು ಪಾಲು, ಇಳಿಯುವುದಕ್ಕೆ ಒಂದು ಪಾಲು ಕಳೆದು, ಶಾಂತವಾಗಿ ಸಾಗುವ ಹೊತ್ತು ಬಹಳ ಕಡಿಮೆ ಉಳಿಯುತ್ತದೆ. ತಾಯಿಯವರು ಹೊರಟ ಹತ್ತು ನಿಮಿಷಕ್ಕೆ ಸಂಕಟಪಟ್ಟದ್ದು ಹೀಗಾಗಿ.

ಆದ್ದರಿಂದ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಮದ್ದೆಂದರೆ ವಿಮಾನ ಹೊರಡುವ ಹೊತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಟಿಕೆಟ್ ತೆಗೆಯುವಾಗ ಜನ ದರ ನೋಡುತ್ತಾರೆ, ಹೊತ್ತು ನೋಡುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ನೆಲ ಕಾಯುವ ಮುನ್ನ, ಅಂದರೆ ಬೆಳಗಿನ ಮೊದಲ ವಿಮಾನದಲ್ಲಿ ಬನ್ನಿ. ಮಧ್ಯಾಹ್ನದ ಮೇಲೆ ಕುದಿತದ ಜೊತೆಗೆ ಗುಡುಗುಮಳೆಯ ಮೋಡಗಳೂ ಸೇರುತ್ತವೆ. ಡಿಸೆಂಬರ್, ಜನವರಿಯಲ್ಲಿ ಗಾಳಿ ಶಾಂತವಾಗಿದ್ದರೂ ದೇವನಹಳ್ಳಿಯಲ್ಲಿ ನಸುಕಿನ ಮಂಜು ಕವಿದು ವಿಮಾನಗಳು ತಡವಾಗುವುದುಂಟು. ಆಗ ಒಂಬತ್ತು ಗಂಟೆಯ ನಂತರದ್ದು ಒಳ್ಳೆಯದು.

ವಾಂತಿ ಏಕಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಪಿತ್ತ ಏರಿತು ಎನ್ನುವುದು ರೂಢಿ. ವಾಸ್ತವದಲ್ಲಿ ಇದು ಶುರುವಾಗುವುದು ಹೊಟ್ಟೆಯಲ್ಲಲ್ಲ, ಒಳಕಿವಿಯಲ್ಲಿ. ದೇಹ ಅಲುಗಾಡುತ್ತಿದೆ ಎಂದು ಒಳಕಿವಿ ಹೇಳುತ್ತದೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಈ ಎರಡು ಸುದ್ದಿಗಳ ಜಗಳ ಮಿದುಳಿನ ವಾಂತಿ ಕೇಂದ್ರವನ್ನು ಎಬ್ಬಿಸುತ್ತದೆ. ಆದ್ದರಿಂದ ಕಿಟಕಿಯ ಹೊರಗೆ ದೂರದ ದಿಗಂತ ನೋಡುವುದು, ತಲೆಯನ್ನು ಸೀಟಿಗೆ ಒರಗಿಸಿ ಅಲುಗದಂತೆ ಇಟ್ಟುಕೊಳ್ಳುವುದು, ಮೇಲಿನ ಗಾಳಿಯ ಕಿಂಡಿಯನ್ನು ಮುಖಕ್ಕೆ ತಿರುಗಿಸಿಕೊಳ್ಳುವುದು, ಮೊಬೈಲ್ ನೋಡದಿರುವುದು, ಇವು ನಿಜವಾಗಿ ಕೆಲಸ ಮಾಡುವ ಉಪಾಯಗಳು. ಕಣ್ಣು ಮುಚ್ಚಿಕೊಂಡರೂ ಜಗಳ ಕಡಿಮೆಯಾಗುತ್ತದೆ. ನಿಂಬೆಹಣ್ಣು ಮೂಸುವುದರಿಂದ ತೊಂದರೆಯಿಲ್ಲ. ತಾಯಿಯವರಿಗೆ ಇನ್ನೊಂದು ಮಾತು ಹೇಳಿ: ತರಬೇತಿಯಲ್ಲಿರುವ ಪೈಲಟ್‌ಗಳಿಗೂ ಹೀಗೆ ವಾಂತಿಯಾಗುತ್ತದೆ. ಅಂಥವರನ್ನು ಹಂತಹಂತವಾಗಿ ಚಲನೆಗೆ ಒಗ್ಗಿಸುವ ವಿಧಾನವೇ ವಾಯುಯಾನ ವೈದ್ಯಕೀಯದಲ್ಲಿದೆ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ, ಮತ್ತೆ ಮತ್ತೆ ಹಾರಿದಂತೆ ದೇಹ ಒಗ್ಗುತ್ತದೆ.

ನೀವು ಕೊಟ್ಟ ಒಂಡಾನ್‌ಸೆಟ್ರಾನ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಆ ಮಾತ್ರೆ ಹೊಟ್ಟೆ ಕೆಟ್ಟಾಗಿನ ವಾಂತಿಗೆ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಒಳ್ಳೆಯದು. ಒಳಕಿವಿಯಿಂದ ಹೊರಡುವ ಈ ವಾಂತಿಯನ್ನು ಅದು ತಡೆಯುವುದಿಲ್ಲ. ಇದಕ್ಕಾಗಿ ಇರುವುದು ಪ್ರೊಮೆಥಜೀನ್, ಮೆಕ್ಲಿಜೀನ್, ಸಿನ್ನರಿಜೀನ್‌ನಂಥ ಬೇರೆ ಗುಂಪಿನ ಔಷಧಿಗಳು. ಅವನ್ನು ಸಂಕಟ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಆದರೆ ದಯವಿಟ್ಟು ಇದನ್ನು ಓದಿ ನೇರವಾಗಿ ಔಷಧಿ ಅಂಗಡಿಗೆ ಹೋಗಬೇಡಿ. ತಾಯಿಯವರಿಗೆ ಗ್ಲಾಕೋಮಾ ಇದೆ ಎಂದು ಬರೆದಿದ್ದೀರಿ. ಈ ಗುಂಪಿನ ಕೆಲವು ಔಷಧಿಗಳು, ಮುಖ್ಯವಾಗಿ ಪ್ರೊಮೆಥಜೀನ್, ಕೆಲವು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿನೊಳಗಿನ ಒತ್ತಡವನ್ನು ದಿಢೀರನೆ ಏರಿಸಬಲ್ಲವು. ಅವರ ಗ್ಲಾಕೋಮಾ ಯಾವ ಬಗೆಯದು ಎಂಬುದು ಕಣ್ಣಿನ ವೈದ್ಯರಿಗೇ ಗೊತ್ತು, ಅವರನ್ನು ಕೇಳದೆ ಕೊಡಬಾರದು. ಅದಲ್ಲದೆ ವಯಸ್ಸಾದವರಲ್ಲಿ ಇವು ಮಂಪರು ತರುತ್ತವೆ. ಮೊಣಕಾಲು ನೋವಿರುವವರು ಮಂಪರಿನಲ್ಲಿ ವಿಮಾನದ ಮೆಟ್ಟಿಲಿಳಿಯುವುದು ವಾಂತಿಗಿಂತ ದೊಡ್ಡ ಅಪಾಯ. ಹೊತ್ತು ಮತ್ತು ಸೀಟು ಬದಲಾಯಿಸಿ ಒಮ್ಮೆ ನೋಡಿ, ಆಮೇಲೂ ಬೇಕಾದರೆ ಔಷಧಿಯ ಯೋಚನೆ ಮಾಡಿ ಎಂಬುದು ನನ್ನ ಸಲಹೆ.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸಿದ್ದು ಕುಲುಕಾಟವೂ ಅಲ್ಲ, ಕಿವಿಯೂ ಅಲ್ಲ, ಆ ಸೋಮವಾರದ ಒಪ್ಪತ್ತು. ಸಕ್ಕರೆಯ ಕೆಲವು ಮಾತ್ರೆಗಳನ್ನು ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ತೀರಾ ಕೆಳಗಿಳಿಯುತ್ತದೆ. ಆಗ ಬೆವರು, ನಡುಕ, ಹೊಟ್ಟೆ ತೊಳಸುವುದು, ಕೊನೆಗೆ ಸುಸ್ತಾಗಿ ಮಂಕಾಗುವುದು ಎಲ್ಲವೂ ಆಗುತ್ತವೆ, ನೋಡಿದವರು ವಿಮಾನ ಆಗಿಬರಲಿಲ್ಲ ಎಂದುಕೊಳ್ಳುತ್ತಾರೆ. ತಾಯಿಯವರು ಸೋತು ನಿದ್ದೆ ಹೋದದ್ದರಲ್ಲಿ ಇದರ ಪಾಲೂ ಇದ್ದಿರಬಹುದು. ಖಾಲಿ ಹೊಟ್ಟೆಯಲ್ಲಿದ್ದರೆ ವಾಂತಿಯಾಗುವುದಿಲ್ಲ ಎಂಬ ನಂಬಿಕೆಯೂ ತಪ್ಪು. ಎರಡು ಇಡ್ಲಿಯೋ, ಒಂದು ಬಟ್ಟಲು ಒಗ್ಗರಣೆ ಅವಲಕ್ಕಿಯೋ ಒಂದೂವರೆ ಗಂಟೆ ಮೊದಲು ತಿಂದಿದ್ದರೆ ಹೊಟ್ಟೆ ನೆಲೆಯಾಗಿ ಕೂರುತ್ತದೆ. ಎಣ್ಣೆಯದ್ದು, ಖಾರದ್ದು ಬೇಡ. ವ್ರತ ಬಿಡಿಸಲಾಗದಿದ್ದರೆ ಸೋಮವಾರ ಟಿಕೆಟ್ ತೆಗೆಯಬೇಡಿ, ಅಷ್ಟು ಸಾಕು. ಪ್ರಯಾಣದ ದಿನ ರಕ್ತದೊತ್ತಡದ ಮಾತ್ರೆ ತಪ್ಪಿಸುವ ಅಭ್ಯಾಸವೂ ಕೆಲವರಲ್ಲಿದೆ, ಅದು ಬೇಡ. ಮಾತ್ರೆಗಳ ಪೊಟ್ಟಣ, ಕಣ್ಣಿನ ಹನಿ, ಒಂದಿಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕೈಚೀಲದಲ್ಲೇ ಇರಲಿ. ಎಟಿಆರ್‌ನಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು, ದೊಡ್ಡ ವಿಮಾನದಲ್ಲಿ ಹಿಡಿಯುವ ಚಕ್ರದ ಪೆಟ್ಟಿಗೆಯನ್ನು ಇಲ್ಲಿ ಬಾಗಿಲಲ್ಲೇ ತೆಗೆದುಕೊಂಡು ಸರಕಿನ ಜಾಗಕ್ಕೆ ಕಳುಹಿಸಬಹುದು. ಅದರೊಳಗೆ ಔಷಧಿ ಇರಬಾರದು.

ಕಿವಿಯ ವಿಷಯ ಅರ್ಥವಾಗಲು ಒಂದು ಚಿಕ್ಕ ಪ್ರಯೋಗ ಹೇಳುತ್ತೇನೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ನಾನು ಕುಡಿದು ಖಾಲಿಯಾದ ನೀರಿನ ಬಾಟಲಿಯ ಮುಚ್ಚಳವನ್ನು ಮೇಲೆ ಹಾರುತ್ತಿರುವಾಗ ಬಿಗಿಯಾಗಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ವಿಮಾನ ಇಳಿಯುತ್ತಾ ಹೋದಂತೆ ಬಾಟಲಿಯ ಕೆನ್ನೆಗಳು ಒಂದೊಂದೇ ಚಟ್ ಎಂದು ಒಳಗೆ ಸೆಳೆದುಕೊಂಡವು. ಬಜ್ಪೆಯಲ್ಲಿ ಇಳಿಯುವಾಗ ಯಾರೋ ಹಿಂಡಿಟ್ಟಂತೆ ಕಾಣುತ್ತಿತ್ತು. ಮುಚ್ಚಳ ಬಿಚ್ಚಿದೊಡನೆ ಉಸ್ಸೆಂದು ಗಾಳಿ ಒಳಗೆ ನುಗ್ಗಿ ಬಾಟಲಿ ಮೊದಲಿನಂತಾಯಿತು. ಕಿವಿಯ ತಮಟೆಯ ಹಿಂದಿರುವ ಪುಟ್ಟ ಕೋಣೆ ಆ ಬಾಟಲಿಯಂತೆ. ಅಲ್ಲಿಂದ ಗಂಟಲಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದೆ. ವಿಮಾನ ಏರುವಾಗ ಕೋಣೆಯ ಹೆಚ್ಚುವರಿ ಗಾಳಿ ತಾನಾಗಿಯೇ ಹೊರಬರುತ್ತದೆ. ಇಳಿಯುವಾಗ ಗಾಳಿ ಒಳಗೆ ಹೋಗಬೇಕಾದರೆ ನಾಳದ ಬಾಯಿಯನ್ನು ನಾವು ತೆರೆಯಬೇಕು, ಅದು ತೆರೆಯುವುದು ಉಗುಳು ನುಂಗಿದಾಗ, ಆಕಳಿಸಿದಾಗ, ಅಗಿದಾಗ. ನಿದ್ದೆಯಲ್ಲಿ ನಾವು ನುಂಗುವುದು ತೀರಾ ಕಡಿಮೆ, ನೆಗಡಿಯಲ್ಲಿ ನಾಳದ ಬಾಯಿ ಊದಿರುತ್ತದೆ. ನಿಮ್ಮ ತಾಯಿಯವರಿಗೆ ಎರಡೂ ಒಟ್ಟಿಗೆ ಸೇರಿದವು. ತಮಟೆ ಒಳಗೆ ಸೆಳೆದುಕೊಂಡು ನೋವು ಹುಟ್ಟಿತು, ಎರಡು ದಿನ ಮುಚ್ಚಿದಂತಿತ್ತು.

ಇದು ಸಣ್ಣ ವಿಮಾನದ ದೋಷವಲ್ಲ ಎಂಬುದನ್ನು ಗಮನಿಸಿ. ಎಟಿಆರ್‌ನ ಒಳಗೂ ದೊಡ್ಡ ವಿಮಾನದಂತೆಯೇ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುತ್ತಾರೆ. ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವುದಕ್ಕಿಂತ ಗಾಳಿ ತೆಳುವಾಗಬಾರದು ಎಂಬುದು ಪ್ರಯಾಣಿಕರ ವಿಮಾನಗಳಿಗೆ ಇರುವ ಮಿತಿ, ಅಂದರೆ ಊಟಿಗಿಂತ ಸ್ವಲ್ಪ ಹೆಚ್ಚು. ಹುಬ್ಬಳ್ಳಿಯಂಥ ಚಿಕ್ಕ ಹಾರಾಟದಲ್ಲಿ ಆ ಮಿತಿಯ ಹತ್ತಿರಕ್ಕೂ ಹೋಗಬೇಕಾಗುವುದಿಲ್ಲ. ಅದಲ್ಲದೆ ದೇವನಹಳ್ಳಿಯ ನಿಲ್ದಾಣವೇ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಕಿವಿ ಇಳಿಯಬೇಕಾದ ದೂರವೂ ಮಂಗಳೂರಿಗೆ ಹೋಗುವಾಗಿನಷ್ಟಿಲ್ಲ. ಅಷ್ಟು ಸಣ್ಣ ಬದಲಾವಣೆಗೇ ಎರಡು ದಿನ ಕಿವಿ ಮುಚ್ಚಿಕೊಂಡಿತೆಂದರೆ ನಾಳ ಆ ದಿನ ಚೆನ್ನಾಗಿಯೇ ಕಟ್ಟಿಕೊಂಡಿರಬೇಕು. ಆಗಸ್ಟ್‌ಗೆ ಮುನ್ನ ಹುಬ್ಬಳ್ಳಿಯಲ್ಲೇ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ಒಮ್ಮೆ ತೋರಿಸಿ. ಈಗಲೂ ಕೇಳುವುದು ಮಂದವಾಗಿದ್ದರೆ, ಕಿವಿಯಲ್ಲಿ ಸದ್ದು ಅಥವಾ ತಲೆಸುತ್ತು ಇದ್ದರೆ, ಟಿಕೆಟ್ ತೆಗೆಯುವ ಮುನ್ನವೇ ತೋರಿಸಬೇಕು.

ಹಾರುವ ದಿನ ಮೂಗು ಕಟ್ಟಿರುವ ನೆಗಡಿ ಇದ್ದರೆ ಪ್ರಯಾಣವನ್ನು ಮುಂದೂಡುವುದೇ ಒಳ್ಳೆಯದು. ಮುಂದೂಡಲಾಗದಿದ್ದರೆ ಇಳಿಯುವ ಅರ್ಧ ಗಂಟೆ ಮೊದಲು ಮೂಗಿನ ಹನಿ ಹಾಕುವ ಕ್ರಮವಿದೆ. ಆದರೆ ಅದೂ ರಕ್ತದೊತ್ತಡ, ಗ್ಲಾಕೋಮಾ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕಾದ್ದು. ಕಿವಿಗೆ ಹತ್ತಿ ತುರುಕುವುದರಿಂದ ಒತ್ತಡಕ್ಕೆ ಏನೂ ಆಗುವುದಿಲ್ಲ, ಬಿಸಿನೀರಿನ ಲೋಟ ಕಿವಿಗೆ ಹಿಡಿಯುವವರು ಚರ್ಮ ಸುಟ್ಟುಕೊಂಡಿದ್ದನ್ನು ನೋಡಿದ್ದೇನೆ. ಮಾಡಬೇಕಾದ್ದು ಸರಳ: ವಿಮಾನ ಇಳಿಯಲು ಶುರುವಾದೊಡನೆ ತಾಯಿಯವರನ್ನು ಎಬ್ಬಿಸಿ, ಒಂದು ಲವಂಗವೋ ಏಲಕ್ಕಿಯೋ ಬಾಯಿಗೆ ಕೊಡಿ, ಗುಟುಕು ಗುಟುಕಾಗಿ ನೀರು ಕುಡಿಸಿ. ಹುಬ್ಬಳ್ಳಿಯ ಹಾರಾಟದಲ್ಲಿ ಹೊರಟು ಅರ್ಧ ಗಂಟೆಯ ಸುಮಾರಿಗೆ ಎಂಜಿನ್ ಸದ್ದು ತಗ್ಗಿ ಮೂತಿ ಕೊಂಚ ಬಾಗಿದ್ದು ತಿಳಿಯುತ್ತದೆ, ಆಗಲೇ ಶುರುಮಾಡಿ. ಮೂಗು ಹಿಡಿದು ಊದುವುದಾದರೆ ಮೆಲ್ಲಗೆ, ಜೋರಾಗಿ ಬೇಡ.

ಇನ್ನು ಗಿರಣಿಯ ಸದ್ದು. ತಾಯಿಯವರ ಹೋಲಿಕೆ ಬಹಳ ನಿಖರವಾದದ್ದು. ಎಟಿಆರ್‌ನ ಒಂದೊಂದು ಪ್ರೊಪೆಲ್ಲರಿಗೆ ಆರು ಅಲಗುಗಳಿವೆ, ಸಮವಾಗಿ ಸಾಗುವಾಗ ಅದು ನಿಮಿಷಕ್ಕೆ ಸುಮಾರು 980 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ನೂರರ ಹತ್ತಿರ ಸಲ ಒಂದೊಂದು ಅಲಗು ವಿಮಾನದ ಗೋಡೆಯ ಪಕ್ಕದಲ್ಲಿ ಹಾಯ್ದು ಗಾಳಿಯ ಪೆಟ್ಟು ಕೊಡುತ್ತದೆ. ಕಿವಿಗೆ ಅದು ತಗ್ಗು ಸ್ವರದ ಗುಂಯ್‌ಗುಡುವಿಕೆಯಾಗಿ, ಮೈಗೆ ಸೀಟಿನ ನಡುಕವಾಗಿ ತಟ್ಟುತ್ತದೆ. ಎರಡು ಪ್ರೊಪೆಲ್ಲರುಗಳ ವೇಗದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೆ ಸದ್ದು ಏರಿ ಇಳಿದು ಅಲೆಯಾಗುತ್ತದೆ. ತಂಬೂರಿಯ ಎರಡು ತಂತಿಗಳು ಸ್ವಲ್ಪವೇ ಬೇಸುರವಾಗಿದ್ದಾಗ ಕೇಳುವ ಅಲೆ ಅದೇ, ಹುಬ್ಬಳ್ಳಿ–ಧಾರವಾಡದವರಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ಎರಡನ್ನೂ ಹೊಂದಿಸುವ ಸಾಧನ ವಿಮಾನದಲ್ಲಿದೆ, ಗೋಡೆಯ ಚೌಕಟ್ಟಿಗೆ ನಡುಕ ಹೀರುವ ತೂಕಗಳನ್ನೂ ಕೂರಿಸಿರುತ್ತಾರೆ. ಆದರೂ ಸದ್ದು ಪೂರ್ತಿ ಹೋಗುವುದಿಲ್ಲ. ಒಂದು ಗಂಟೆಯ ಈ ಸದ್ದಿನಿಂದ ಕಿವಿ ಕೆಡುವುದಿಲ್ಲ, ದಣಿವಂತೂ ಆಗುತ್ತದೆ.

ಆ ಸದ್ದಿನ ಪೆಟ್ಟು ಅತಿ ಹೆಚ್ಚು ಬೀಳುವುದು ಪ್ರೊಪೆಲ್ಲರುಗಳ ನೇರಕ್ಕಿರುವ ಸಾಲುಗಳಿಗೆ, ಅವು ವಿಮಾನದ ಮುಂಭಾಗದಲ್ಲಿವೆ. ನೀವು ಒಳ್ಳೆಯದೆಂದು ಆರಿಸಿಕೊಂಡ ಸೀಟು ಗದ್ದಲದ ಜಾಗದಲ್ಲಿತ್ತು. ಕುಲುಕಾಟ ಅತಿ ಕಡಿಮೆ ಇರುವುದು ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ರೆಕ್ಕೆಯ ಹತ್ತಿರ. ಏತದ ಮರದಲ್ಲಿ ನಡುಗೂಟದ ಬಳಿ ಕೂತವನಿಗಿಂತ ತುದಿಯಲ್ಲಿರುವವನು ಹೆಚ್ಚು ಏರಿಳಿಯುವಂತೆ ಇದು. ಆದ್ದರಿಂದ ರೆಕ್ಕೆ ದಾಟಿದ ಕೂಡಲೇ ಸಿಗುವ, ಮಧ್ಯಕ್ಕಿಂತ ಒಂದೆರಡು ಸಾಲು ಹಿಂದಿನ ಸೀಟುಗಳನ್ನು ನಾನು ಹೇಳುತ್ತೇನೆ. ಅಲ್ಲಿ ಸದ್ದೂ ತಗ್ಗಿರುತ್ತದೆ, ಏರಿಳಿತವೂ ಮಿತವಾಗಿರುತ್ತದೆ. ಎಟಿಆರ್‌ನಲ್ಲಿ ಪ್ರಯಾಣಿಕರ ಬಾಗಿಲು ಹಿಂಭಾಗದಲ್ಲಿರುವುದರಿಂದ ಮೊಣಕಾಲು ನೋವಿನವರು ಒಳಗೆ ನಡೆಯಬೇಕಾದ ದೂರವೂ ಕಡಿಮೆ. ದಿಗಂತ ಕಾಣಲು ಕಿಟಕಿಯ ಸೀಟು ತಾಯಿಯವರಿಗೆ, ಪಕ್ಕದ್ದು ನಿಮಗೆ. ಸದ್ದು ತಗ್ಗಿಸುವ ಹೆಡ್‌ಫೋನ್ ಮನೆಯಲ್ಲಿದ್ದರೆ ತನ್ನಿ, ಅವು ಇಂಥ ತಗ್ಗು ಸ್ವರವನ್ನೇ ಚೆನ್ನಾಗಿ ಅಳಿಸುತ್ತವೆ. ಕೆಲವು ಮಾರ್ಗಗಳಲ್ಲಿ ಐವತ್ತು ಸೀಟಿನ ಎಂಬ್ರೇಯರ್ 145 ಜೆಟ್ ಸಿಗುತ್ತದೆ. ಅದರ ಎಂಜಿನ್‌ಗಳು ಬಾಲದ ಹತ್ತಿರ ಇರುವುದರಿಂದ ಲೆಕ್ಕ ತಿರುಗಾಮುರುಗಾ, ಅಲ್ಲಿ ಹಿಂದಿನ ಸೀಟು ಬೇಡ.

ತಾಯಿಯವರನ್ನು ಹೆದರಿಸಬಹುದಾದ ಇನ್ನೂ ಕೆಲವು ಸಂಗತಿಗಳನ್ನು ಮುಂಚೆಯೇ ಹೇಳಿಟ್ಟರೆ ಒಳ್ಳೆಯದು. ನಿಲ್ದಾಣದಲ್ಲಿ ನಿಂತಾಗ ಬಲಗಡೆಯ ಎಂಜಿನ್ ಸದ್ದು ಮಾಡುತ್ತಿದ್ದರೂ ಅದರ ಪಂಖ ನಿಶ್ಚಲವಾಗಿರಬಹುದು; ಪಂಖಕ್ಕೆ ಬ್ರೇಕ್ ಹಾಕಿ, ವಿದ್ಯುತ್ತಿಗೂ ಒಳಗಿನ ಗಾಳಿಗೂ ಮಾತ್ರ ಎಂಜಿನ್ ಓಡಿಸುವ ಕ್ರಮ ಅದು. ನಿಂತಿರುವಾಗ ತಂಪು ಸಾಲದೆ ಬೇಸಿಗೆಯಲ್ಲಿ ಒಳಗೆ ಸೆಖೆಯಾಗುತ್ತದೆ, ಹಾರಿದ ಮೇಲೆ ಚಳಿಯಾಗುತ್ತದೆ, ಹಾಗಾಗಿ ಒಂದು ಶಾಲು ಇರಲಿ. ಮಳೆಗಾಲದಲ್ಲಿ ಕಿಂಡಿಗಳಿಂದ ಹೊಗೆಯಂತೆ ಬರುವುದು ತೇವದ ಗಾಳಿ ತಣಿದು ಆದ ಮಂಜು. ನೆಲ ಮುಟ್ಟಿದ ಮರುಕ್ಷಣ ಘುರ್ರೆಂದು ಏಳುವ ಸದ್ದು ಪಂಖದ ಅಲಗುಗಳನ್ನು ತಿರುಗಿಸಿ ವೇಗ ತಗ್ಗಿಸುವಾಗಿನದು. ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ, ತಡವಾದರೂ 48 ಗಂಟೆ ಮೊದಲು, ತಿಳಿಸಿ. ಸೀಟಿನ ಪಟ್ಟಿಯನ್ನು ಇಳಿಯುವವರೆಗೂ ಬಿಚ್ಚದಿರಲಿ. ಕುಲುಕಾಟದಲ್ಲಿ ಪೆಟ್ಟಾಗುವುದು ಬಹುತೇಕ ಪಟ್ಟಿ ಹಾಕದವರಿಗೆ.

ಉಳಿದದ್ದು ರೈಲು ಮತ್ತು ಕಾರು. ರಸ್ತೆಯಲ್ಲಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್. ಏಳೆಂಟು ಗಂಟೆ ಕಾಲು ಮಡಚಿ ಕೂರುವುದು ಅವರ ಮೊಣಕಾಲಿಗೂ ಕಾಲಿನ ರಕ್ತಸಂಚಾರಕ್ಕೂ ಒಂದು ಗಂಟೆಯ ವಿಮಾನಕ್ಕಿಂತ ಕೆಟ್ಟದ್ದು, ಚಲನೆಗೆ ವಾಂತಿಯಾಗುವವರಿಗೆ ಕಾರಿನಲ್ಲೂ ಆಗುತ್ತದೆ. ಕಾರನ್ನು ನಾನು ಕೊನೆಗೆ ಇಡುತ್ತೇನೆ. ರೈಲನ್ನು ಹಾಗೆ ತಳ್ಳಿಹಾಕಲಾರೆ. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡದ ನಡುವೆ ವಂದೇ ಭಾರತ್ ಓಡುತ್ತಿದೆ, ಹುಬ್ಬಳ್ಳಿಗೆ ಐದಾರು ಗಂಟೆ. ಇಳಿದರೆ ಮಲ್ಲೇಶ್ವರ ಹತ್ತಿರ, ದೇವನಹಳ್ಳಿಯಿಂದ ಹೆಬ್ಬಾಳದ ಟ್ರಾಫಿಕ್ ದಾಟಿ ಬರುವ ಕಷ್ಟವಿಲ್ಲ. ನಿಲ್ದಾಣಕ್ಕೆ ಮುಂಚೆ ಹೋಗುವುದು, ಕಾಯುವುದು, ಟ್ಯಾಕ್ಸಿ ಎಲ್ಲ ಸೇರಿಸಿದರೆ ವಿಮಾನದಿಂದ ಉಳಿಯುವುದು ಹೆಚ್ಚೆಂದರೆ ಎರಡು ಗಂಟೆ. ಎದ್ದು ಓಡಾಡಬಹುದು, ಕಿವಿಯ ಚಿಂತೆಯಿಲ್ಲ. ತಾಯಿಯವರಿಗೆ ವಿಮಾನದ ಭಯ ಕೂತಿದ್ದರೆ ಒತ್ತಾಯ ಮಾಡದೆ ಈ ಸಲ ರೈಲಿನಲ್ಲೇ ಕರೆತನ್ನಿ. ಹಾರಲಾಗದವರು ಸೋತವರೇನಲ್ಲ.

ಅವರೇ ಒಪ್ಪಿದರೆ ಆಗಸ್ಟ್ ಮೇ ತಿಂಗಳಿಗಿಂತ ಒಳ್ಳೆಯ ಕಾಲ. ಮೋಡ ಕವಿದ ನೆಲ ಅಷ್ಟು ಕಾಯುವುದಿಲ್ಲ. ಮುಂಗಾರಿನ ಪಡುಗಾಳಿ ಜೋರಾಗಿ ಬೀಸುವುದರಿಂದ ಏರುವಾಗ ಮತ್ತು ದೇವನಹಳ್ಳಿಯಲ್ಲಿ ಇಳಿಯುವ ಕೊನೆಯ ಕೆಲವು ನಿಮಿಷ ಸ್ವಲ್ಪ ತೂಗಾಡಬಹುದು, ಅದನ್ನು ಮುಂಚೆಯೇ ಹೇಳಿರಿ. ಇನ್ನೊಂದು ಎಚ್ಚರ ಉಳಿದಿದೆ. ಮುಂದೆ ಎಂದಾದರೂ ಅವರ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಅನಿಲದ ಗುಳ್ಳೆ ತುಂಬಿಸಿದರೆ, ಅದು ಕರಗಿದೆ ಎಂದು ವೈದ್ಯರು ಹೇಳುವವರೆಗೆ ಯಾವ ವಿಮಾನವನ್ನೂ ಹತ್ತಿಸಬಾರದು. ಎತ್ತರದಲ್ಲಿ ಗುಳ್ಳೆ ಹಿಗ್ಗಿ ದೃಷ್ಟಿಯೇ ಹೋಗಬಹುದು. ಸಾಮಾನ್ಯ ಗ್ಲಾಕೋಮಾಕ್ಕೆ ಹನಿ ಹಾಕಿಕೊಳ್ಳುತ್ತಿರುವವರಿಗೆ ಈ ನಿಷೇಧವಿಲ್ಲ. ಆಗಸ್ಟ್‌ನ ತಪಾಸಣೆಯಲ್ಲಿ ವೈದ್ಯರ ಮುಂದೆ ಕೂತಾಗ ಅವರ ಗ್ಲಾಕೋಮಾ ಯಾವ ಬಗೆಯದೆಂದು ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಕೈಚೀಲದ ಔಷಧಿಗಳ ಜೊತೆ ಇಡಿ.